ತಂಗಳಿಲ್ಲದ ಮನೆಯ ಉಪ್ಪಿನ ಬಟ್ಟಲು

ನನ್ನ ತಂಗಿಯ ಮಗಳು ಸವಿತಳಿಗೆ ಹೋದ ತಿಂಗಳು ಬೋಗಾದಿಯ ಒಂದು ಪಿ.ಜಿ.ಯಲ್ಲಿ ಅಡುಗೆ ಕೆಲಸ ಸಿಕ್ಕಿತು. ಓದುವ ಹುಡುಗಿಯರು ಮೂವತ್ತು ಜನ, ಮೂರು ಹೊತ್ತಿನ ಅಡುಗೆ. ಸೇರುವ ಹಿಂದಿನ ದಿನ ಕೆಲಸ ಬಿಟ್ಟ ಮೇಲೆ ನಾನಿರುವ ಶ್ರೀರಾಂಪುರದ ಮನೆಗೆ ಬಂದು, "ದೊಡ್ಡಮ್ಮ, ಇಪ್ಪತ್ಮೂರು ವರ್ಷ ಒಂದೇ ಮನೇಲಿ ಅಡುಗೆ ಮಾಡ್ದೋಳು ನೀನು. ಏನಾರ ಗುಟ್ಟಿದ್ರೆ ಹೇಳ್ಕೊಡು" ಎಂದಳು. ನಾನು ಕಾಫಿ ಕೊಟ್ಟು ಕಳಿಸಿದೆ. ಬಾಯಲ್ಲಿ ಹೇಳಿದರೆ ಅವಳು ನಡುನಡುವೆ ಫೋನ್ ನೋಡುತ್ತಾಳೆ, ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಪಾಸಾದದ್ದು ಕನ್ನಡ ಒಂದರಲ್ಲೇ, ಆದ್ದರಿಂದ ಕನ್ನಡದಲ್ಲಿ ಬರೆಯಲು ನನಗೆ ಯಾರ ಹೆದರಿಕೆಯೂ ಇಲ್ಲ.

ಬಡ್ತಿಯ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ. ಸೇರಿದಾಗ ನನ್ನನ್ನು 'ಏನಮ್ಮಾ' ಎಂದು ಕರೆಯುತ್ತಿದ್ದರು, ಆಮೇಲೆ 'ಗೌರಿ' ಆದೆ, ಆಮೇಲೆ 'ಅಕ್ಕ'. ಮಂಡಿ ನೋವು ಶುರುವಾದ ವರ್ಷ ಯಾರೋ ಒಬ್ಬಳು 'ಅಜ್ಜಿ' ಎಂದಳು. ಅವಳ ದೋಸೆಗೆ ಮೂರು ದಿನ ತಳ ಹತ್ತಿತು. ಪುನಃ 'ಅಕ್ಕ' ಆದೆ. ಅಡುಗೆಯವರ ಸರ್ವೀಸ್ ರಿಜಿಸ್ಟರು ಇಷ್ಟೇ ಸವಿತ, ಇನ್ನು ಮುಂದಕ್ಕೆ ಓದು.

ನಮ್ಮದು ನಂಜನಗೂಡು ಕಡೆ ಒಕ್ಕಲುತನದ ಮನೆ. ಗಂಡ ತೀರಿಕೊಂಡ ಮೇಲೆ ಅವರ ಮನೆಯಿಂದ ನನ್ನ ಪಾಲಿಗೆ ಬಂದದ್ದು ಒಂದು ಟ್ರಂಕು. ಟ್ರಂಕು ಇಡುವುದಕ್ಕೆ ಜಾಗ ಬೇಕಲ್ಲ, ಹಾಗೆ ಹುಡುಕಿಕೊಂಡು ಬಂದವಳಿಗೆ ಸಿಕ್ಕಿದ್ದು ಚಾಮರಾಜಪುರಂನ ವಿಶಾಲಾಕ್ಷಮ್ಮ ಮೇಡಂ ಮನೆ. ಮೇಡಂ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಮಹಡಿಯ ಕೋಣೆಗಳಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಹತ್ತು ಜನ ಇದ್ದರು. ನನಗೆ ಅಡುಗೆಮನೆಯ ಹಿಂದಿನ ಕೋಣೆ ಕೊಟ್ಟರು. ಕೆಲಸ ಇದ್ದಷ್ಟು ದಿನ ಆ ಕೋಣೆ. ಕೆಲಸ ಹೋದರೆ ನಾನೂ ನನ್ನ ಟ್ರಂಕೂ ಬೀದಿಯಲ್ಲಿ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದು, ಇಲ್ಲದಿದ್ದರೆ 'ದೊಡ್ಡಮ್ಮ ಎಂಥ ಕಳ್ಳಿ' ಅನ್ನಿಸುತ್ತದೆ.

ಎರಡನೆಯ ದಿನವೇ ಟ್ರಂಕು ಹೊರಗೆ ಬರುವುದರಲ್ಲಿತ್ತು. ಮೊದಲ ದಿನ ಅಳತೆ ತಿಳಿಯದೆ ಅನ್ನ ಮಿಕ್ಕಿತು. ನಮ್ಮ ಮನೆಯಲ್ಲಿ ಮಾಡುವ ಹಾಗೆ ಅದಕ್ಕೆ ನೀರು ಹಾಕಿ ಇಟ್ಟು, ಬೆಳಿಗ್ಗೆ ಕಿವುಚಿ, ಮಜ್ಜಿಗೆ, ಸಣ್ಣೀರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ, ಬೇಸಿಗೆಯಲ್ಲವೇ, ಹೊಟ್ಟೆ ತಣ್ಣಗಿರಲಿ ಎಂದು ಎಲ್ಲರಿಗಿಂತ ಮೊದಲು ಮೇಡಂ ಮುಂದೆಯೇ ತಂದಿಟ್ಟೆ. ಹೊಲಕ್ಕೆ ಹೋಗುವವರಿಗೆ ನಮ್ಮವ್ವ ಕೊಡುತ್ತಿದ್ದ ಮರ್ಯಾದೆ ಅದು.

ಮೇಡಂ ಬಟ್ಟಲನ್ನು ಒಂದೇ ಬೆರಳಲ್ಲಿ ಆಚೆ ತಳ್ಳಿದರು. "ಏನಿದು?"

"ತಂಗಳನ್ನ ಮೇಡಂ. ಒಟ್ಟೆಗೆ ತಂಪು."

ಅವರ ಮುಖ ಬೆಳ್ಳಗಾಯಿತು. "ಈ ಪದ ಇನ್ನೊಂದು ಸಲ ಈ ಮನೇಲಿ ಕೇಳಿಸಿದ್ರೆ ನಿನ್ನ ಪೆಟ್ಟಿಗೆ ತಗೊಂಡು ನಡೀತಾ ಇರು. ತಂಗಳು, ಮಿಕ್ಕಿದ್ದು, ಸಿಪ್ಪೆಗಿಪ್ಪೆ ಯಾವುದೂ ಇಲ್ಲಿ ಯಾರ ತಟ್ಟೆಗೂ ಬೀಳಕೂಡದು. ತಿಳೀತಾ?"

ಊಟದ ಹಾಲಿನಲ್ಲಿ ಒಂದು ಕಪ್ಪು ಹಲಗೆ ಇತ್ತು. ಶಾಲೆಯಲ್ಲಿ ಬೇಡವೆಂದು ಎಸೆದದ್ದನ್ನು ಮೇಡಂ ನಿವೃತ್ತಿಯ ದಿನ ಕೇಳಿ ತಂದಿದ್ದರಂತೆ. ದಿನದ ಅಡುಗೆ ಏನೆಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ರೂಢಿ. ಅವತ್ತು ಪೇಂಟರನ್ನು ಕರೆಸಿ ಅದರ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ, ಅಳಿಸಲಾಗದ ಹಾಗೆ ಬರೆಸಿದರು: 'ಈ ಮನೆಯಲ್ಲಿ ತಂಗಳು ಬಡಿಸುವುದಿಲ್ಲ.' ಆ ಹತ್ತು ಹುಡುಗಿಯರೂ ಓದಿದರು. ನಾನು ದಿನಕ್ಕೆ ಮೂರು ಹೊತ್ತು ಓದಿದೆ.

ಈಗ ನನ್ನ ಪಾಡು ನೋಡು. ಕಾಳು ನೆಲಕ್ಕೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಡುವ ಮನೆಯಿಂದ ಬಂದವಳು. ಹನ್ನೊಂದು ಜನರ ಅಡುಗೆಯಲ್ಲಿ ಏನಾದರೂ ಮಿಕ್ಕೇ ಮಿಕ್ಕುತ್ತದೆ. ಒಬ್ಬಳು ಆಫೀಸಿನಲ್ಲೇ ತಿಂದು ಬರುತ್ತಾಳೆ, ಒಬ್ಬಳಿಗೆ ಉಪವಾಸ, ಒಬ್ಬಳಿಗೆ ತೂಕ ಇಳಿಸುವ ಹುಚ್ಚು. ಎರಡನೆಯ ರಾತ್ರಿ ಮಿಕ್ಕ ಒಂದೂವರೆ ಸೇರು ಅನ್ನ ಚೆಲ್ಲಲು ನನ್ನ ಕೈ ಬರಲಿಲ್ಲ. ನಾನೊಬ್ಬಳೇ ತಿಂದು ಮುಗಿಸುವಷ್ಟೂ ಅಲ್ಲ. ಮೂರನೆಯ ದಿನ ಬೆಳಿಗ್ಗೆ ಆ ಅನ್ನವನ್ನು ನುಣ್ಣಗೆ ನಾದಿ, ಅಕ್ಕಿಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ ರೊಟ್ಟಿ ತಟ್ಟಿದೆ. ಬರಿಯ ಹಿಟ್ಟಿನ ರೊಟ್ಟಿ ಆರಿದರೆ ಚಪ್ಪಲಿಯಾಗುತ್ತದೆ, ಅನ್ನ ಬೆರೆಸಿದ್ದು ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಮೇಡಂ ಎರಡು ತಿಂದು ಮೂರನೆಯದನ್ನು ಕೇಳಿದರು.

"ಏನು ಹೆಸರು ಇದಕ್ಕೆ? ಹಲಗೆ ಮೇಲೆ ಬರೀಬೇಕು."

ಬಾಯಿಗೆ ಬಂದದ್ದು ಹೇಳಿದೆ. "ರೇಷ್ಮೆ ರೊಟ್ಟಿ ಮೇಡಂ. ನಮ್ ಕಡೆ ಅಬ್ಬಕ್ಕೆ ಮಾಡ್ತಾರೆ."

ಸುಳ್ಳಿಗೆ ಒಂದು ಸಲ ಹೆಸರು ಇಟ್ಟರೆ ಸಾಕು, ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. ಮಿಕ್ಕ ರಾಗಿಮುದ್ದೆಯನ್ನು ನೀರಲ್ಲಿ ಕಿವುಚಿ ಅಕ್ಕಿಹಿಟ್ಟು, ಜೀರಿಗೆ ಹಾಕಿ ಹುಯ್ದರೆ ಕಪ್ಪಗೆ ಗರಿಗರಿ ದೋಸೆ. ಅದಕ್ಕೆ 'ಕೃಷ್ಣ ದೋಸೆ' ಎಂದೆ. ಹೀರೇಕಾಯಿ ಸಿಪ್ಪೆಯ ಚಟ್ನಿ 'ಪಚ್ಚೆ ಚಟ್ನಿ' ಆಯಿತು. ಒಣಗಿದ ಚಪಾತಿಯನ್ನು ಚೂರುಮಾಡಿ ಒಗ್ಗರಣೆ ಹಾಕಿದ ದಿನ ಹಲಗೆಯ ಮೇಲೆ 'ಚೂರು ಉಪ್ಪಿಟ್ಟು' ಎಂದು ಬರೆದೆ. ಮೇಡಂ ಬಂದು ನೋಡಿ, ಹುಬ್ಬು ಗಂಟಿಕ್ಕಿ, ಸೀಮೆಸುಣ್ಣ ಕೈಗೆತ್ತಿಕೊಂಡರು. ಟ್ರಂಕು ಹೊರಗೆ ಬಂತು ಎಂದುಕೊಂಡೆ. ಅವರು ಅದನ್ನು ಅಳಿಸಿ 'ಚೂರುಪ್ಪಿಟ್ಟು' ಎಂದು ಬರೆದು, "ಲೋಪಸಂಧಿ ಕಣೇ, ಬಿಡಿಸಿ ಬರೀಬಾರದು" ಎಂದು ಹೋದರು. ಲೋಪ ಇರುವುದು ಸಂಧಿಯಲ್ಲಿ ಮಾತ್ರ ಎಂದು ಅವರು ಪೂರ್ತಿ ನಂಬಿದ್ದರು.

ಒಂದು ಬೇಸಿಗೆಯಲ್ಲಿ ಮಾತ್ರ ನನ್ನ ನಾಲಿಗೆ ಸ್ವಲ್ಪ ಉದ್ದವಾಯಿತು. ಹುಡುಗಿಯರು ಎರಡು ದೊಡ್ಡ ಕಲ್ಲಂಗಡಿ ತಂದು ಕೆಂಪಗಿರುವುದನ್ನೆಲ್ಲ ತಿಂದು ಸಿಪ್ಪೆ ಬಿಟ್ಟರು. ಹಸಿರು ಹೆರೆದು, ಒಳಗಿನ ಬಿಳಿಯ ಭಾಗವನ್ನು ಹೆಚ್ಚಿ, ಕಡಲೆಬೇಳೆ, ಕಾಯಿತುರಿ ಹಾಕಿ ಕೂಟು ಮಾಡಿದೆ. ಯಾವ ತರಕಾರಿ ಎಂದು ಮೇಡಂ ಕೇಳಿದರು. 'ಪರದೇಸಿ ಸೋರೆಕಾಯಿ' ಎಂದೆ. ಎಲ್ಲಿ ಸಿಗುತ್ತದೆ ಎಂದರು. "ಮಾರ್ಕೆಟ್ಟಲ್ಲಿ ಮೇಡಂ, ಬೆಳಗಾನೆ ಓದ್ರೆ ಮಾತ್ರ." ಅವರು ಹೋಗುತ್ತಾರೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಮಾರನೆಯ ದಿನ ಆಟೋ ಮಾಡಿಕೊಂಡು ಮಾರ್ಕೆಟ್ಟಿಗೆ ಹೋಗಿ ಅಂಗಡಿ ಅಂಗಡಿಯಲ್ಲೂ ಪರದೇಸಿ ಸೋರೆಕಾಯಿ ಕೇಳಿದ್ದಾರೆ. ಬೆವರಿಳಿಸಿಕೊಂಡು ವಾಪಸ್ಸು ಬಂದು ಹೇಳಿದರು: "ಇವತ್ತು ಖಾಲಿಯಂತೆ ಕಣೇ. ಒಬ್ಬ ನಾಳೆ ತರಿಸಿಕೊಡ್ತೀನಿ ಅಂದ." ಆ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕಲ್ಲ. ಸುವರ್ಣಗೆಡ್ಡೆಯನ್ನು ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಬೇಕು, ಹುಣಿಸೆನೀರಲ್ಲಿ ಬೇಯಿಸಬೇಕು. ಇದು ಊರಿನ ಕೂಸಿಗೂ ಗೊತ್ತು. ಒಂದು ದಿನ ಮೇಡಂ ಜೊತೆ ಹಿಂದೆ ಕೆಲಸ ಮಾಡಿದ ಒಬ್ಬ ಟೀಚರು ಊಟಕ್ಕೆ ಬಂದರು. ಭಾರೀ ವಾಚಾಳಿ. ಅಡುಗೆಮನೆ ಬಾಗಿಲಿಗೇ ಬಂದು ನಿಂತು, ಗೆಡ್ಡೆಗೆ ಏನೇನು ಹಾಕಬೇಕು ಎಂದು ನನಗೇ ಪಾಠ ಹೇಳತೊಡಗಿದರು. ಆ ಮಾತಿನ ಹೊಳೆಯಲ್ಲಿ ಹುಣಿಸೆಹಣ್ಣು ಕೊಚ್ಚಿಕೊಂಡು ಹೋಯಿತು, ಹಾಕಲು ಮರೆತೆ. ನಾಲ್ಕು ತುತ್ತಾಗುವಷ್ಟರಲ್ಲಿ ಮೇಜಿನ ಸುತ್ತ ಎಲ್ಲರ ಗಂಟಲೂ ನವೆ ಹತ್ತಿತು. ಆ ಟೀಚರು ಬಾಯಿ ತೆರೆಯುತ್ತಾರೆ, ಮಾತೇ ಹೊರಡದು. ಮೇಡಂ ಎದ್ದು ಹಲಗೆಯ ಹತ್ತಿರ ಹೋಗಿ ದೊಡ್ಡದಾಗಿ 'ಹುಣಿಸೆ?' ಎಂದು ಬರೆದರು. ನಾನು ಓಡಿಹೋಗಿ ಹುಣಿಸೆ ಬೆಲ್ಲದ ಪಾನಕ ಕದಡಿ ತಂದೆ. ಬೈಗುಳ ಬರುತ್ತದೆಂದು ಕಾಯುತ್ತಿದ್ದೆ. ಸಂಜೆ ಗಂಟಲು ಸರಿಹೋದ ಮೇಲೆ ಮೇಡಂ ಮೆಲ್ಲಗೆ, "ಅವಳು ಬಂದಾಗಲೆಲ್ಲ ಮಾಡ್ತೀಯೇನೇ?" ಎಂದರು. ಆ ಮಾತಿನಿಂದ ನನಗೆ ಮೇಡಂ ಮೇಲೆ ಪ್ರೀತಿ ಹುಟ್ಟಿತು. ಅವರಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂಬ ಕಸಿವಿಸಿಯೂ ಅವತ್ತೇ ಹುಟ್ಟಿತು.

ಮೇಲಧಿಕಾರಿಗಳ ವಿಷಯ ಇಷ್ಟಾಯಿತು, ಕೆಲಸದ ವಿಧಾನ ಬದಲಾದದ್ದನ್ನೂ ಹೇಳುತ್ತೇನೆ. ಒರಳುಕಲ್ಲು ಹೋಗಿ ಮಿಕ್ಸಿ ಬಂತು, ಅದರಿಂದ ನನ್ನ ರಟ್ಟೆಗೆ ಲಾಭ, ಚಟ್ನಿಗೆ ನಷ್ಟ. ಆಮೇಲೆ ಫ್ರಿಜ್ಜು ಬಂತು. ಲೋಕವೆಲ್ಲ ಫ್ರಿಜ್ಜು ತರುವುದೇ ಮಿಕ್ಕಿದ್ದನ್ನು ಇಡಲು, ನಮ್ಮ ಮೇಡಂ ತಂದದ್ದು ಹಾಲಿಗೆ, ಹೂವಿಗೆ. ಪ್ರತಿ ಭಾನುವಾರ ಶಾಲೆಗೆ ಇನ್ಸ್‌ಪೆಕ್ಟರ್ ಬಂದ ಹಾಗೆ ಅದರ ಬಾಗಿಲು ತೆರೆದು ನಿಲ್ಲುತ್ತಿದ್ದರು.

"ಈ ಪಾತ್ರೇಲಿ ಏನು?"

"ದೋಸೆ ಇಟ್ಟು ಮೇಡಂ."

"ಇದರಲ್ಲಿ?"

"ಅದೂ ಇಟ್ಟೇ."

ಮಿಕ್ಸಿಯಲ್ಲಿ ರುಬ್ಬಿಬಿಟ್ಟರೆ ಅನ್ನ ಯಾವುದು ಅಕ್ಕಿ ಯಾವುದು ಎಂದು ಯಾವ ಹೆಡ್‌ಮಿಸ್ಟ್ರೆಸ್ಸಿಗೂ ಗೊತ್ತಾಗುವುದಿಲ್ಲ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ನಮ್ಮವ್ವ ನನಗೆ ಕಲಿಸಿದ್ದು, ಒಲೆಯ ಮೇಲಿರುವ ಅಡುಗೆಯ ರುಚಿ ನೋಡಬಾರದು ಎಂದು. ದೇವರ ಮುಂದೆ ಇಡುವ ಮೊದಲು ನಾಲಿಗೆಗೆ ತಾಕಿದರೆ ಅದು ಎಂಜಲು. ಕುದಿ ಬಂದದ್ದನ್ನು ಮೂಗು ಹೇಳಬೇಕು, ಉಪ್ಪನ್ನು ಕೈ ಹೇಳಬೇಕು. ನಾನು ಆ ಮನೆಯಲ್ಲೂ ಹಾಗೇ ಮಾಡಿದೆ. ನನ್ನ ಅಡುಗೆಯ ರುಚಿ ನನಗೆ ತಿಳಿಯುತ್ತಿದ್ದದ್ದು ನಾನು ಉಣ್ಣುವಾಗ, ಅಂದರೆ ಎಲ್ಲರೂ ಎದ್ದು, ಮೇಜು ಒರೆಸಿ, ಪಾತ್ರೆ ಬೆಳಗಿ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ. ಸೇರಿದ ಹೊಸದರಲ್ಲಿ ಸಾರಿಗೆ ಉಪ್ಪು ಒಂದು ಚೂರು ಮುಂದಾಗಿದೆ ಅನ್ನಿಸುತ್ತಿತ್ತು. ದಿನಕ್ಕೊಂದು ಚಿಟಿಕೆ ಕಡಿಮೆ ಮಾಡುತ್ತ ಬಂದು, ತಿಂಗಳಲ್ಲಿ ಸರಿಯಾಗಿ ಹದಕ್ಕೆ ತಂದೆ. ಕೈ ಕೂತಿತು ಎಂದು ಬೀಗಿದೆ.

ಎರಡನೆಯ ತಿಂಗಳಲ್ಲಿ ಮೇಜಿನ ನಡುವೆ ಒಂದು ಪಿಂಗಾಣಿ ಬಟ್ಟಲು ಬಂದು ಕೂತಿತು, ಅದರ ತುಂಬ ಪುಡಿಯುಪ್ಪು. ಯಾಕೆ ಎಂದು ಕೇಳಿದೆ. "ಮಜ್ಜಿಗೆಗೆ" ಎಂದರು ಮೇಡಂ. ಅದನ್ನು ತುಂಬಿಸುವುದೂ ನನ್ನದೇ ಕೆಲಸ. ವಾರಕ್ಕೊಂದು ಸಲ ಖಾಲಿಯಾಗುತ್ತಿತ್ತು. ನಾನು ಹುಡುಗಿಯರಿಗೆ, "ಮಜ್ಗೆಗೆ ಈ ಪಾಟಿ ಉಪ್ಪು ಸುರ್ಕೊಂಡ್ರೆ ನಾಳೆ ಬಿಪಿ ಬತ್ತದೆ ಕಣ್ರಮ್ಮ" ಎಂದು ಬುದ್ಧಿ ಹೇಳುತ್ತಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಗುತ್ತಿದ್ದರು. ವಯಸ್ಸಿನ ಹೆಣ್ಣುಮಕ್ಕಳು, ನಗಲು ಕಾರಣ ಬೇಕೇ ಎಂದು ಸುಮ್ಮನಾಗುತ್ತಿದ್ದೆ. ಹುಡುಗಿಯರು ಬದಲಾದರು, ಮದುವೆಯಾಗಿ ಹೋದರು, ಹೊಸಬರು ಬಂದರು, ಬಟ್ಟಲು ಮಾತ್ರ ಅಲ್ಲೇ ಇತ್ತು.

ಹಾಗೆ ಇಪ್ಪತ್ತೊಂದು ವರ್ಷ ಕಳೆದ ಮೇಲೆ ತನುಜಾ ಬಂದಳು. ಯಾವುದೋ ಲ್ಯಾಬಿನಲ್ಲಿ ಕೆಲಸ, ಕಡ್ಡಿಯಂಥ ಹುಡುಗಿ. ಬಂದ ದಿನವೇ ಅಡುಗೆಮನೆಗೆ ಬಂದು, "ಅಕ್ಕ, ಒಂದು ಮಾತು. ನಾನು ವೀಗನ್" ಎಂದಳು.

"ಗೊತ್ತಾಗ್ತದೆ ಬುಡು, ನೋಡಿದ್ರೇ ಕಾಣ್ತದಲ್ಲ ವೀಕಾಗಿರೋದು. ರಾಗಿ ಗಂಜಿ ಮಾಡ್ಕೊಡ್ತೀನಿ, ಎಂಟು ದಿನದಲ್ಲಿ ಎಂಗಾಗ್ತೀಯ ನೋಡು."

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದಳು. ಹಾಲು ಇಲ್ಲ, ಮೊಸರು ಇಲ್ಲ, ತುಪ್ಪ ಇಲ್ಲ, ಜೇನುತುಪ್ಪವೂ ಇಲ್ಲ. ಗಿಡದಿಂದ ಬಂದದ್ದು ಮಾತ್ರ. ನಾನು ಒಂದು ಗಳಿಗೆ ಯೋಚನೆ ಮಾಡಿ, "ಅಂಗಾರೆ ನಮ್ಮವ್ವನೂ ಇದೇ ಜಾತಿ ಕಣಮ್ಮ" ಎಂದೆ. ನಮ್ಮ ಮನೆಯಲ್ಲಿ ಹಸು ಇತ್ತು, ಹಾಲು ಡೈರಿಗೆ ಹೋಗುತ್ತಿತ್ತು, ಇದ್ದಷ್ಟು ಮಜ್ಜಿಗೆ ಹೊಲಕ್ಕೆ ಹೋಗುವವರಿಗೆ. ನಮಗೆ ಉಳಿದದ್ದು ಸೊಪ್ಪು, ಕಾಳು, ಮುದ್ದೆ, ಹುಚ್ಚೆಳ್ಳು ಚಟ್ನಿ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಎಂದು ಅವ್ವನಿಗೆ ತಿಳಿದಿದ್ದರೆ ಜಂಬ ಪಡುತ್ತಿದ್ದಳೋ ಏನೋ.

ತನುಜಾ ಬೆಳಿಗ್ಗೆ ಬೇಗ ಎದ್ದು ನನ್ನ ಪಕ್ಕ ನಿಂತು ಅಡುಗೆ ಕಲಿಯತೊಡಗಿದಳು. ಮಜ್ಜಿಗೆ ಮುಟ್ಟದ ಅವಳೂ ಮೇಜಿನಲ್ಲಿ ಉಪ್ಪಿನ ಬಟ್ಟಲಿಗೆ ಕೈ ಹಾಕುತ್ತಿದ್ದಳು. ಕಣ್ಣಾರೆ ಕಂಡೆ, ತಲೆಗೆ ಹೊಳೆಯಲಿಲ್ಲ. ರೇಷ್ಮೆ ರೊಟ್ಟಿಗೆ ನಾನು ಅನ್ನ ನಾದುವುದನ್ನು ಅವಳು ಎರಡನೆಯ ವಾರದಲ್ಲೇ ಕಂಡುಹಿಡಿದಳು. ನಾನು ಹಲಗೆಯ ನೆತ್ತಿ ತೋರಿಸಿ, ನನ್ನ ಟ್ರಂಕು ತೋರಿಸಿ, ಅವಳ ಕೈಯಲ್ಲಿ ಆಣೆ ಮಾಡಿಸಿಕೊಂಡೆ. ಪಾಪ, ಮಾತಿಗೆ ತಪ್ಪದ ಹುಡುಗಿ. ತಪ್ಪಿದ್ದು ಅವಳ ಬೆರಳು.

ಒಂದು ಭಾನುವಾರ ಬೆಳಿಗ್ಗೆ ಅವಳು ನನ್ನ ಕೈಯ ರೊಟ್ಟಿಯ ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. ಕೆಳಗೆ ಬರೆದದ್ದು: 'ನಿನ್ನೆ ಮಿಕ್ಕ ಅನ್ನದ ರೊಟ್ಟಿ ಅಮ್ಮ, ಮೇಡಂಗೆ ಗೊತ್ತಿಲ್ಲ, ಸಖತ್ ರುಚಿ.' ಅದು ಹೋದದ್ದು ಅಮ್ಮನಿಗಲ್ಲ, ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ. ಆ ಗುಂಪು ಶುರು ಮಾಡಿದವರೇ ಮೇಡಂ. ತನುಜಾ ಬಿಳಿಚಿಕೊಂಡು ಅಡುಗೆಮನೆಗೆ ಓಡಿ ಬಂದಳು. "ಅಳಿಸಿದೆ ಅಕ್ಕ, ಆದ್ರೆ ಮೇಡಂ ನೋಡಿಬಿಟ್ಟಿದ್ದಾರೆ." ನಾನು ಒಲೆ ಸಣ್ಣ ಮಾಡಿ, ಕೈ ತೊಳೆದುಕೊಂಡು, ಹಿಂದಿನ ಕೋಣೆಗೆ ಹೋಗಿ ಟ್ರಂಕಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ಒಳಗೆ ಹಾಕಿದೆ. ಮೇಡಂ ಕರೆಯುವುದು ಕೇಳಿಸಿತು.

ಅವರು ಹಲಗೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಫೋನು ಮಡಿಲಲ್ಲಿತ್ತು.

"ಎಷ್ಟು ವರ್ಷದಿಂದ?"

"ಮೊದಲ್ನೇ ವಾರದಿಂದ ಮೇಡಂ."

"ರೇಷ್ಮೆ ರೊಟ್ಟಿ?"

"ನಿನ್ನೆ ಅನ್ನ."

"ಕೃಷ್ಣ ದೋಸೆ?"

"ಮಿಕ್ಕಿದ್ ಮುದ್ದೆ."

"ಚೂರುಪ್ಪಿಟ್ಟು?"

"ಅದು ಚಪಾತಿ ಮೇಡಂ. ಸಂಧಿ ಮಾತ್ರ ನಿಮ್ದು."

ಆ ಹೊತ್ತಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ ನೋಡು. ಮೇಡಂ ತುಟಿ ಬಿಗಿದುಕೊಂಡರು. "ಮತ್ತೆ ಆ ಪರದೇಸಿ ಸೋರೆಕಾಯಿ?"

ನಾನು ನೆಲ ನೋಡಿದೆ. "ಕಲ್ಲಂಗಡಿ ಸಿಪ್ಪೆ."

"ಆಟೋ ಮಾಡ್ಕೊಂಡು ಹೋಗಿ ಹುಡುಕಿದೆನಲ್ಲೇ!"

ಮಹಡಿಯ ಮೆಟ್ಟಿಲಲ್ಲಿ ಯಾರೋ ನಕ್ಕು, ಯಾರೋ ಅವರ ಬಾಯಿ ಮುಚ್ಚಿದ ಸದ್ದಾಯಿತು. ಮೇಡಂ ನಗಲಿಲ್ಲ. ಅವರು ನನಗೆ ಅದುವರೆಗೆ ಯಾವತ್ತೂ ಹೇಳದಿದ್ದದ್ದನ್ನು ಹೇಳಿದರು.

ಅವರಿಗೆ ಆರು ವರ್ಷವಾಗಿದ್ದಾಗ ಅಪ್ಪ ತೀರಿಹೋದರಂತೆ. ತಾಯಿಯೂ ಮಗಳೂ ಸೋದರಮಾವನ ಮನೆ ಸೇರಿದರು. ತಾಯಿ ಆ ದೊಡ್ಡ ಸಂಸಾರಕ್ಕೆಲ್ಲ ಬೇಯಿಸುತ್ತಿದ್ದರು. ಮಾವನ ಹೆಂಡತಿ ದಿನವೂ ಎಲ್ಲರ ಮುಂದೆ, ಉಪ್ಪು ಕಡಿಮೆ, ಖಾರ ಜಾಸ್ತಿ ಎಂದು ಕೊಂಕು ತೆಗೆಯುತ್ತಿದ್ದರು. ಎಲ್ಲರದೂ ಮುಗಿದ ಮೇಲೆ ಇವರಿಬ್ಬರಿಗೆ ಹಿಂದಿನ ಹೊತ್ತಿನದು, ಮಿಕ್ಕಿದರೆ. "ಅಮ್ಮ ಅದನ್ನೇ ಏನೇನೋ ಮಾಡಿ ರೊಟ್ಟಿ ತಟ್ಟಿ ಕೊಡೋಳು. ನಿನ್ನ ರೊಟ್ಟಿ ತಿಂದಾಗಲೆಲ್ಲ, ಇದೇನು ಅಮ್ಮನ ಕೈ ಥರಾನೇ ಇದೆಯಲ್ಲ ಅನ್ಕೋತಿದ್ದೆ. ಈಗ ಗೊತ್ತಾಯ್ತು." ಮೇಡಂ ಫೋನನ್ನು ಮಡಿಲಲ್ಲೇ ಮಗುಚಿ ಇಟ್ಟರು. "ಮೊದಲನೇ ಸಂಬಳ ಬಂದ ದಿನ ಆಣೆ ಮಾಡಿದ್ದೆ ಗೌರಿ. ನಾನು ಯಜಮಾನಿಯಾಗಿರೋ ಮನೇಲಿ ಯಾರೂ ಇನ್ನೊಬ್ಬರು ಉಂಡು ಮಿಕ್ಕಿದ್ದನ್ನ ಉಣ್ಣಬಾರದು ಅಂತ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಜಾಣತನ ಎಂದುಕೊಂಡದ್ದು ಒಬ್ಬರ ಆಣೆಯನ್ನು ಅವರಿಗೇ ತಿಳಿಯದ ಹಾಗೆ ದಿನಾ ಮುರಿಸುವ ಕೆಲಸವಾಗಿತ್ತು. ಕಾಲಿಗೆ ಬೀಳಲು ಬಗ್ಗಿದೆ, ಮೇಡಂ ತಡೆದರು.

"ಇವತ್ತಿಂದ ಮಿಕ್ಕಿದ್ದು ಮೇಜಿಗೆ ಬರಕೂಡದು. ಅಷ್ಟೇ."

ಟ್ರಂಕು ಉಳಿಯಿತು ಎಂದು ಗೊತ್ತಾಗಿ ನನಗೆ ಜೀವ ಬಂದಂತಾಯಿತು. "ಆಗ್ಲಿ ಮೇಡಂ, ಬರಕಿಲ್ಲ. ಸಾರು ಪಲ್ಯದ ಥರಾನೇ ಅದ್ನೂವೆ ನಾನೇ ಉಂಡ್ಕೊತೀನಿ ಬುಡಿ."

ಮೇಡಂ ತಲೆಯೆತ್ತಿದರು. "ಸಾರು ಪಲ್ಯದ ಥರ ಅಂದ್ರೆ?"

"ಮಿಕ್ಕಿದ್ದು ಮೇಡಂ. ನೀವೆಲ್ಲ ಎದ್ಮೇಲೆ ಉಣ್ತೀನಲ್ಲ, ಅದು. ಮಧ್ಯಾನದ್ದು ಉಳಿದ್ರೆ ರಾತ್ರಿಗೆ, ರಾತ್ರಿದು ಬೆಳಗ್ಗೆಗೆ. ಸಾರ್ನ ರೊಟ್ಟಿ ತಟ್ಟಕ್ಕಾದದಾ?"

"ಬಿಸಿಯದು ಉಣ್ಣೋದು ಯಾವಾಗ ನೀನು?"

"ಬಿಸಿದು ಮೇಜಿಗೆ ಓಯ್ತದಲ್ಲ ಮೇಡಂ."

ನಾನು ದೂರುತ್ತಿರಲಿಲ್ಲ ಸವಿತ. ಅಡುಗೆಯವರು ಕೊನೆಗೆ ಉಣ್ಣುವುದು ನನಗೆ ಸೂರ್ಯ ಪೂರ್ವದ ಕಡೆ ಹುಟ್ಟಿದಷ್ಟು ಸಹಜವಾಗಿತ್ತು. ಮೇಡಂಗೂ ಹಾಗೇ ಇದ್ದಿರಬೇಕು, ಅದಕ್ಕೇ ಒಂದು ದಿನವೂ ಅಡುಗೆಮನೆಗೆ ಬಂದು ನನ್ನ ತಟ್ಟೆ ನೋಡಿರಲಿಲ್ಲ. ಈಗ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರನ್ನು ಹಾಗೆ ನೋಡಿ ನನಗೆ ಭಯವಾಯಿತು, ಬೈದಿದ್ದರೇ ವಾಸಿಯಾಗಿತ್ತು.

ಆಮೇಲೆ ಎದ್ದು, ಸೀಮೆಸುಣ್ಣ ತೆಗೆದುಕೊಂಡು, ಕುರ್ಚಿ ಹತ್ತಿದರು. ಆ ವಯಸ್ಸಿನಲ್ಲಿ! ನಾನು ಕುರ್ಚಿ ಹಿಡಿದುಕೊಂಡೆ. ಪೇಂಟಿನಲ್ಲಿ 'ಈ ಮನೆಯಲ್ಲಿ ತಂಗಳು ಬಡಿಸುವುದಿಲ್ಲ' ಎಂದಿತ್ತಲ್ಲ, ಅದರ ಮುಂದೆ ಒಂದೇ ಪದ ಸೇರಿಸಿದರು: 'ಗೌರಿಗೂ.'

"ಇವತ್ತು ನೀನು ಮೇಜಲ್ಲಿ ಕೂತ್ಕೋತೀಯ. ಎಲ್ಲರ ಜೊತೆ, ಬಿಸಿಬಿಸಿ."

"ಮತ್ತೆ ಮಿಕ್ಕಿದ್ದು ಮೇಡಂ? ಚೆಲ್ಲಕ್ಕೆ ನಂಗೆ ಕೈ ಬರಕಿಲ್ಲ."

ಮೇಡಂ ಮೂಗು ಒರೆಸಿಕೊಂಡರು. "ರೊಟ್ಟಿ ತಟ್ಟು. ನನಗೂ ಹಾಕು, ನೀನೂ ಹಾಕ್ಕೋ. ಎಲ್ಲರೂ ತಿಂದ್ರೆ ಅದು ರೊಟ್ಟಿ ಕಣೇ. ಒಬ್ಬಳಿಗೇ ಎತ್ತಿಟ್ಟರೆ ತಂಗಳು." ಕುರ್ಚಿಯಿಂದ ಇಳಿದು ಇನ್ನೊಂದು ಮಾತು ಸೇರಿಸಿದರು. "ಹಲಗೆ ಮೇಲೆ ಮಾತ್ರ ನಿಜವಾದ ಹೆಸರು ಬರೀಬೇಕು."

ಅವತ್ತು ಭಾನುವಾರದ ಅಡುಗೆ ಬಸ್ಸಾರು, ಮುದ್ದೆ. ಸವಿತ, ಬೋಗಾದಿಯ ಹುಡುಗಿಯರು ಇದನ್ನು ಕೇಳಿಯೇ ಕೇಳುತ್ತಾರೆ, ಅದಕ್ಕೆ ಹೇಳುತ್ತೇನೆ. ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ಬಸಿ. ಬಸಿದ ನೀರನ್ನು ಚೆಲ್ಲಿಬಿಟ್ಟರೆ ಆ ದಿನದ ಸಾರೇ ಹೋಯಿತು, ಅದೇ ಕಟ್ಟು. ಒಂದು ಹಿಡಿ ಬೆಂದ ಸೊಪ್ಪುಕಾಳನ್ನು ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿ, ಹುಣಿಸೆಯ ಜೊತೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸು, ಮಿಕ್ಕ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ತುಪ್ಪ ಬೇಕಾದವರು ಹಾಕಿಕೊಳ್ಳಲಿ, ತನುಜಾಳಂಥವರು ಬಿಡಲಿ.

ಬಡಿಸಿ ಮುಗಿಸಿ ಹನ್ನೆರಡನೆಯ ಕುರ್ಚಿಯಲ್ಲಿ ಕೂತೆ. ಸೆರಗನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದು, ಕಾಲು ಎಲ್ಲಿ ಇಡಬೇಕೆಂದು ತಿಳಿಯದು. ಮೇಡಂ ತಾವೇ ನನ್ನ ತಟ್ಟೆಗೆ ಮುದ್ದೆ ಇಟ್ಟು, ಸಾರು ಹುಯ್ದರು. ಹಬೆ ಮುಖಕ್ಕೆ ಬಡಿಯಿತು. ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ನುಂಗಿದೆ.

ಸಪ್ಪೆ.

ಬಾಯಿ ಸುಟ್ಟು ಹಾಗಾಯಿತೇನೋ ಎಂದು ಇನ್ನೊಂದು ತುತ್ತು ನುಂಗಿದೆ. ಸಪ್ಪೆಯೇ. ಮೂರು ಗಂಟೆಗೆ ಆರಿದ ಮೇಲೆ ನನ್ನ ನಾಲಿಗೆಗೆ ಹದವಾಗಿರುತ್ತಿದ್ದ ಉಪ್ಪು ಬಿಸಿಯಲ್ಲಿ ಎಲ್ಲೂ ಇಲ್ಲ. ಆರಿದ್ದಕ್ಕೆ ಉಪ್ಪು ಜಾಸ್ತಿ ಕಾಣುತ್ತದೆ, ನಾನು ಕೈ ಕೂರಿಸಿಕೊಂಡದ್ದು ಆ ಅಳತೆಗೆ. ತಲೆಯೆತ್ತಿ ನೋಡಿದರೆ ಪಿಂಗಾಣಿ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿದೆ. ಒಬ್ಬೊಬ್ಬಳೂ ತಲೆ ತಗ್ಗಿಸಿಕೊಂಡು, ಸದ್ದಿಲ್ಲದೆ, ಸಾರಿಗೊಂದು ಚಿಟಿಕೆ, ಪಲ್ಯಕ್ಕೊಂದು ಚಿಟಿಕೆ. ಮಜ್ಜಿಗೆ ಇನ್ನೂ ಅಡುಗೆಮನೆಯಲ್ಲೇ ಇತ್ತು.

ಈ ಸಲ ಕೇಳುವ ಸರದಿ ನನ್ನದು.

"ಎಷ್ಟು ವರ್ಷದಿಂದ ಮೇಡಂ?"

ಮೇಡಂ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಎರಡನೇ ತಿಂಗಳಿಂದ."

"ಒಂದ್ ಮಾತು ಏಳಬಾರದಿತ್ತಾ?"

"ಉಪ್ಪಿನ ಮಾತು ಕೇಳಿ ಕೇಳಿ ನಮ್ಮಮ್ಮ ಒಲೆ ಮುಂದೆ ಅತ್ತಿದ್ದನ್ನ ನೋಡಿದ್ದೀನಿ. ಈ ಮನೆಗೆ ಬರೋ ಪ್ರತಿಯೊಬ್ಬಳಿಗೂ ಮೊದಲನೇ ದಿನವೇ ಹೇಳ್ತಿದ್ದೆ, ಗೌರಿ ಮುಂದೆ ಉಪ್ಪಿನ ಸುದ್ದಿ ಎತ್ತಬಾರದು ಅಂತ."

 ತನುಜಾ ಮೊದಲು ಪಕ್ಕನೆ ನಕ್ಕಳು, ಮೇಡಂ ನಕ್ಕರು, ನಾನು ನಗುತ್ತಲೇ ಅತ್ತೆ. ಬಟ್ಟಲು ಸುತ್ತು ಬಂದು ನನ್ನ ತಟ್ಟೆಯ ಪಕ್ಕ ನಿಂತಿತು. ಮೇಡಂ ಅದನ್ನು ಇನ್ನೊಂದಿಷ್ಟು ನನ್ನ ಕಡೆಗೆ ಸರಿಸಿ, "ಹಾಕ್ಕೊಳ್ಳೇ, ಆರಿಹೋಗುತ್ತೆ" ಎಂದರು.